ಪೂಟಿನ್‌ಗೆ ಸಸಾರಜನಕದ ಉಪದೇಶ

ಕಳೆದ ಚಳಿಗಾಲದಲ್ಲಿ ಮಾಂಟ್ರಿಯಲ್‌ನ ಮಗಳ ಮನೆಯಲ್ಲಿದ್ದಾಗ ನಡೆದ ವಾಗ್ವಾದವೊಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಓದಿ ಅವಳು ಮುನಿಸಿಕೊಂಡಾಳು. ಆದರೆ ವಾದವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲವೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು.

ವಿಷಯ ಪೂಟಿನ್. ಅರಿಯದವರಿಗಾಗಿ ಹೇಳುತ್ತೇನೆ: ಅದು ಕೆನಡಾದ ಕ್ವಿಬೆಕ್ ಪ್ರಾಂತದ ತಿನಿಸು. ಕರಿದ ಆಲೂಗಡ್ಡೆಯ ಸೀಳುಗಳು, ಅವುಗಳ ಮೇಲೆ ಹಸಿ ಚೆಡ್ಡರ್ ಚೀಸಿನ ತುಣುಕುಗಳು, ಅದರ ಮೇಲೆ ಕುದಿಯುವ ಕಂದು ಗ್ರೇವಿ. (ಫ್ರೆಂಚರು ರಷ್ಯಾದ ಅಧ್ಯಕ್ಷರ ಹೆಸರನ್ನೂ ಇದೇ ಅಕ್ಷರಗಳಲ್ಲಿ ಬರೆಯುತ್ತಾರೆ, ಅದು ತಿನಿಸಿನ ತಪ್ಪಲ್ಲ.) ಹೈನುಗಾರಿಕೆಯ ಹಳ್ಳಿಗಾಡಿನಲ್ಲಿ ಹುಟ್ಟಿದ ಈ ತಿನಿಸಿಗೆ ವಾರಸುದಾರರು ಹಲವರು. 1957ರಲ್ಲಿ ಫೆರ್ನಾಂ ಲಾಶಾನ್ಸ್ ಎಂಬುವರ ಹೋಟೆಲಿನಲ್ಲಿ ಹುಟ್ಟಿತೆಂದು ವಾರ್ವಿಕ್ ಊರಿನವರು ಹೇಳಿದರೆ, 1964ರಲ್ಲಿ ಜಾನ್ ಪೋಲ್ ರುವಾ ಅವರ ಹೋಟೆಲಿನಲ್ಲಿ ಎಂದು ಡ್ರಮಂಡ್‌ವಿಲ್‌ನವರು ಸಾಧಿಸುತ್ತಾರೆ. ಬಹುಕಾಲ ನಗರದ ಸಭ್ಯರು ಇದನ್ನು ಹಳ್ಳಿಗರ ಕೀಳು ತಿನಿಸೆಂದು ಗೇಲಿ ಮಾಡಿದರು. ಮುಂದೆ ಮಾಂಟ್ರಿಯಲ್‌ನ ದುಬಾರಿ ಹೋಟೆಲೊಂದು ಇದಕ್ಕೆ ಬಾತುಕೋಳಿಯ ಯಕೃತ್ತನ್ನು ಸೇರಿಸಿ ಬಡಿಸಿತು. ಆಗ ಸಭ್ಯರಿಗೂ ರುಚಿಸಿತು.

ಈಗ ಮೂರನೆಯ ಅವತಾರ: 'ಹೈ ಪ್ರೋಟೀನ್ ಪೂಟಿನ್'. ಪ್ರೋಟೀನ್ ಎಂದರೆ ನಾನು ನಿಮಗೆ ಸಸಾರಜನಕವೆಂದು ಕಲಿಸಿದ ಅದೇ ವಸ್ತು. ಹದಿನಾರರ ಮೊಮ್ಮಗ ಐಸ್ ಹಾಕಿ ಆಡುವ ಹುಡುಗ. ಮೈ ಬೆಳೆಯಲೆಂದು ಮಗಳು ಮನೆಯಲ್ಲೇ ಇದನ್ನು ಮಾಡಿದಳು. ಚೀಸಿನ ತುಣುಕುಗಳ ಜಾಗಕ್ಕೆ ಕಾಟೇಜ್ ಚೀಸ್ ಬಂತು. ಅದು ನಮ್ಮ ಪನೀರಲ್ಲ, ಚಮಚದಲ್ಲಿ ಬಡಿಸಿಕೊಳ್ಳುವ, ನೀರುನೀರಾದ, ಹರಳುಹರಳಾದ ಪದಾರ್ಥ. ಗ್ರೇವಿಗೆ ಒಂದು ಅಳತೆ ವೇ ಪುಡಿ ಬಿತ್ತು. ಬಿಸಿಗೆ ಆ ಪುಡಿ ಗಂಟುಗಂಟಾಯಿತು. ಹುಡುಗ ಅರ್ಧ ತಿಂದು ತಟ್ಟೆಯನ್ನು ಸರಿಸಿ, "ತಾತ, ಇದು ಪೂಟಿನ್ ಅಲ್ಲ" ಎಂದ. ನಾನು ಅವನ ಪಕ್ಷ ವಹಿಸಿದೆ.

ಲೆಕ್ಕ ನೋಡಿ. ಚೆಡ್ಡರಿನ ಹಸಿ ತುಣುಕುಗಳಲ್ಲಿ 100 ಗ್ರಾಮಿಗೆ ಸುಮಾರು 24 ಗ್ರಾಂ ಸಸಾರಜನಕವಿದೆ; ಕಾಟೇಜ್ ಚೀಸಿನಲ್ಲಿ ಸುಮಾರು 11. ಅರ್ಥಾತ್, ಸಸಾರಜನಕ ಹೆಚ್ಚಿಸುವ ಹೆಸರಿನಲ್ಲಿ ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಿದ್ದಾಯಿತು. ಕೊರತೆಯನ್ನು ತುಂಬಿದ್ದು ಪುಡಿ. ಅದನ್ನು ಹಾಲಿನಲ್ಲಿ ಕಲಸಿ ಕುಡಿಯಬಹುದಿತ್ತಲ್ಲ, ಪೂಟಿನ್‌ನ ಹೆಸರೇಕೆ ಬೇಕಿತ್ತು? 60 ಕಿಲೋ ತೂಗುವ ಆ ವಯಸ್ಸಿನ ಹುಡುಗನಿಗೆ ದಿನಕ್ಕೆ ಬೇಕಾದದ್ದು ಸುಮಾರು 50 ಗ್ರಾಂ, ಆಟಗಾರನಾದರೆ ಇನ್ನಷ್ಟು. 100 ಗ್ರಾಂ ಚೀಸ್ ಹಾಕಿದ ಹಳೆಯ ಪೂಟಿನ್ ಒಂದು ತಟ್ಟೆಯಲ್ಲಿಯೇ ಅದರ ಅರ್ಧಕ್ಕಿಂತ ಹೆಚ್ಚು ಕೊಡುತ್ತದೆ.

ಇನ್ನೂ ಒಂದು ಮಾತಿದೆ. ತಾಜಾ ಚೀಸಿನ ತುಣುಕು ಹಲ್ಲಿಗೆ ಸಿಕ್ಕಾಗ 'ಕಿರ್' ಎನ್ನುತ್ತದೆ. ಕ್ವಿಬೆಕ್‌ನವರು ತಾಜಾತನವನ್ನು ಅಳೆಯುವುದೇ ಈ ಸದ್ದಿನಿಂದ. ಕೇಸೀನ್ ಎಂಬ ಹಾಲಿನ ಸಸಾರಜನಕವು ಕ್ಯಾಲ್ಸಿಯಮ್ಮಿನಿಂದ ಬಿಗಿಯಲ್ಪಟ್ಟು ರಬ್ಬರಿನಂಥ ಜಾಲವಾಗಿರುತ್ತದೆ. ಹಲ್ಲು ಅದನ್ನು ಉಜ್ಜಿದಾಗ ಹುಟ್ಟುವ ಸದ್ದು ಇದು. ಕೆಲವು ದಿನ ಕಳೆದರೆ ಜಾಲ ಸಡಿಲಗೊಂಡು ಸದ್ದೂ ಅಡಗುತ್ತದೆ. ಸಸಾರಜನಕವೇ ಬಾಯಲ್ಲಿ ಕೂಗಿ ಹೇಳುತ್ತಿರುವಾಗ ಅದನ್ನು ತೆಗೆದು ಹಾಕಿ ಡಬ್ಬಿಯ ಮೇಲಿನ ಅಕ್ಷರವನ್ನು ನಂಬುವುದು ಎಂಥ ವಿದ್ಯೆ?

ಮಗಳ ಉತ್ತರವನ್ನು ಮರೆಮಾಚುವುದು ನ್ಯಾಯವಲ್ಲ. ಚೆಡ್ಡರ್ ತುಣುಕುಗಳಲ್ಲಿ ಜಿಡ್ಡು 100 ಗ್ರಾಮಿಗೆ 30 ಗ್ರಾಮಿನ ಆಸುಪಾಸು. ಕಾಟೇಜ್ ಚೀಸಿನಲ್ಲಿ ಬಹಳ ಕಡಿಮೆ. ಒಪ್ಪಿದೆ. ನನ್ನಂಥ ಮುದುಕನಿಗೆ ಅದೇ ಹಿತ. ಹಾಗಾದರೆ ಅದನ್ನು 'ಜಿಡ್ಡು ಕಡಿಮೆಯ ಆಲೂಗಡ್ಡೆ' ಎಂದು ಕರೆಯಲಿ. ಕಡಿಮೆ ಮಾಡಿದ್ದನ್ನು ಹೆಚ್ಚು ಮಾಡಿದೆನೆಂದು ಹೇಳುವುದಕ್ಕೆ ನನ್ನ ತರಗತಿಯಲ್ಲಿ ಅಂಕವಿರಲಿಲ್ಲ.

ಖಂಡಿಸಿದವನು ಮಾಡಿಯೂ ತೋರಿಸಬೇಕಲ್ಲ? ಮರುವಾರ ಅಡುಗೆಮನೆಗೆ ನಾನೇ ಇಳಿದೆ. ಅಂಗಡಿಯ ಗ್ರೇವಿ ಸಾಮಾನ್ಯವಾಗಿ ಕೋಳಿ ಅಥವಾ ದನದ ಮಾಂಸದ ಸಾರಿನದು. ನಮ್ಮ ಮನೆಗೆ ಅದು ಸಲ್ಲದು. ಹೀಗಾಗಿ 40 ಗ್ರಾಂ ಮಸೂರ ಬೇಳೆಯನ್ನು ಮೆತ್ತಗೆ ಬೇಯಿಸಿದೆ. (ಕೆನಡಾದ ಸಸ್ಕಾಚೆವನ್ ಪ್ರಾಂತ ಈ ಬೇಳೆಯನ್ನು ಭಾರತಕ್ಕೇ ಮಾರುತ್ತದೆ, ನಾನು ಬೆಳೆದವರ ನಾಡಿನಲ್ಲಿಯೇ ಉಂಡೆ.) ಈರುಳ್ಳಿ, ಅಣಬೆಗಳನ್ನು ಬೆಣ್ಣೆಯಲ್ಲಿ ಚೆನ್ನಾಗಿ ಕಂದಾಗುವವರೆಗೆ ಹುರಿದು, ತರಕಾರಿ ಬೆಂದ ನೀರು, ಬೇಳೆ, ಸೋಯಾ ಸಾಸ್, ಕರಿಮೆಣಸು, ನಾಲ್ಕು ಹನಿ ವಿನೆಗರ್ ಸೇರಿಸಿ ರುಬ್ಬಿದೆ. ಬೇಳೆಯಿಂದಲೇ ಗ್ರೇವಿ ಮಂದವಾಗುವುದರಿಂದ ಮೈದಾ ಬೇಕಾಗಲಿಲ್ಲ. 250 ಗ್ರಾಂ ಆಲೂಗಡ್ಡೆಯ ಸೀಳುಗಳಿಗೆ ಎರಡು ಚಮಚ ಎಣ್ಣೆ ಸವರಿ 220 ಡಿಗ್ರಿ ಓವನ್ನಿನಲ್ಲಿ ಗರಿಗರಿಯಾಗಿಸಿದೆ. 120 ಗ್ರಾಂ ಚೀಸ್ ತುಣುಕುಗಳನ್ನು ಮೊದಲೇ ಫ್ರಿಜ್ಜಿನಿಂದ ಹೊರಗಿಟ್ಟಿದ್ದೆ; ತಣ್ಣಗಿದ್ದರೆ ಗ್ರೇವಿಯೂ ತಣ್ಣಗಾಗುತ್ತದೆ. ಗ್ರೇವಿ ಕುದಿಯುತ್ತಿರಬೇಕು, ಕೊನೆಯಲ್ಲಿ ಬೀಳಬೇಕು. ಚೀಸ್ ಮೆತ್ತಗಾಗಬೇಕೇ ಹೊರತು ಕರಗಬಾರದು. ತಡಮಾಡಿದರೆ ಬೇಳೆ ಗಟ್ಟಿಯಾಗಿ ಪಾಯಸದಂತಾಗುತ್ತದೆ.

ಆಲೂಗಡ್ಡೆಯಿಂದ 5, ಚೀಸಿನಿಂದ ಸುಮಾರು 29, ಬೇಳೆಯಿಂದ ಸುಮಾರು 10. ಒಟ್ಟು 44 ಗ್ರಾಂ. ಪುಡಿಯಿಲ್ಲ. ಹುಡುಗ ತಟ್ಟೆಯನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿಂದ.

ಮಗಳು ಒಂದು ತುತ್ತು ತಿಂದು, "ಅಪ್ಪ, ಉಪ್ಪು ಹೆಚ್ಚಾಯ್ತು" ಎಂದಳು. ಅದು ನಿಜವೇ. ಚೀಸಿನಲ್ಲೂ ಸೋಯಾ ಸಾಸಿನಲ್ಲೂ ಉಪ್ಪಿರುವುದನ್ನು ಮರೆತು ನಾನು ಬೇಳೆಗೂ ಹಾಕಿಬಿಟ್ಟಿದ್ದೆ.