ನಗೆಕೂಟ ಮತ್ತು ಸೊಪ್ಪಿನ ಬುಟ್ಟಿ

ಅರವತ್ತು ದಾಟಿದವರಿಗೆ ಇಂದು ಎಲ್ಲ ದಿಕ್ಕುಗಳಿಂದಲೂ ಬರುವ ಉಪದೇಶ ಒಂದೇ: ನಗುನಗುತ್ತ ಇರಿ, ನಾಲ್ಕು ಜನರೊಡನೆ ಬೆರೆಯಿರಿ, ಚಿಂತೆಯನ್ನು ಬಿಡಿ. ದೂರದೂರುಗಳಲ್ಲಿರುವ ನನ್ನ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಹೇಳುವುದೂ ಇದನ್ನೇ. ಅವರ ಪ್ರೀತಿಗೆ ನಾನು ಋಣಿ. ಉಪದೇಶದಲ್ಲಿ ತಪ್ಪೇನೂ ಇಲ್ಲ. ಮುಪ್ಪಿನಲ್ಲಿ ಒಬ್ಬಂಟಿಯಾಗಿ ಕುಳಿತವರು ಬಹುಬೇಗ ಕುಗ್ಗಿಹೋಗುವುದನ್ನು ನಾನೂ ಕಂಡಿದ್ದೇನೆ. ಆದರೆ ಆ 'ನಾಲ್ಕು ಜನ' ಯಾರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಬಡಾವಣೆಯ ಉದ್ಯಾನದಲ್ಲಿ ದಿನವೂ ಬೆಳಿಗ್ಗೆ ಆರೂವರೆಗೆ ನಗೆಕೂಟ ಸೇರುತ್ತದೆ. ಇಂತಹ ಕೂಟಗಳ ಮೂಲ ಮುಂಬಯಿ. ಮದನ್ ಕಟಾರಿಯಾ ಎಂಬ ವೈದ್ಯರು 1995ರಲ್ಲಿ ಅಲ್ಲಿನ ಉದ್ಯಾನವೊಂದರಲ್ಲಿ ಬೆರಳೆಣಿಕೆಯ ಜನರೊಡನೆ ಇದನ್ನು ಆರಂಭಿಸಿದರು. ಮೊದಮೊದಲು ನಗೆಹನಿಗಳನ್ನು ಹೇಳಿ ನಗುತ್ತಿದ್ದರಂತೆ. ಅವು ಮುಗಿದ ಮೇಲೆ ಕಾರಣವಿಲ್ಲದೆಯೇ ನಗುವುದನ್ನು ರೂಢಿಸಿಕೊಂಡರು. (ನನ್ನ ತರಗತಿಯಲ್ಲಿ ಕಾರಣವಿಲ್ಲದೆ ನಕ್ಕವರಿಗೆ ಏನಾಗುತ್ತಿತ್ತೆಂಬುದು ನಿಮಗೆ ನೆನಪಿರಬಹುದು!) ನಮ್ಮ ಕೂಟದಲ್ಲಿರುವವರು ಬ್ಯಾಂಕು, ಶಾಲೆ, ವಿದ್ಯುತ್ ಇಲಾಖೆಗಳಿಂದ ನಿವೃತ್ತರಾದವರು. ಎಲ್ಲರಿಗೂ ತಿಂಗಳ ಕೊನೆಗೆ ವಿಶ್ರಾಂತಿ ವೇತನ ಬರುತ್ತದೆ.

ಉದ್ಯಾನದ ಗೇಟಿನ ಹೊರಗೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸು ನನ್ನ ಓರಗೆಯವರು. ಆರೂವರೆ ಎಂದರೆ ಅವರಿಗೆ ವ್ಯಾಪಾರದ ಹೊತ್ತು. "ಏನ್ ಮೇಷ್ಟ್ರೇ, ಇವತ್ತು ಎಷ್ಟು ಸಲ ನಕ್ಕ್ರಿ?" ಎಂದು ಒಮ್ಮೊಮ್ಮೆ ಕೇಳುತ್ತಾರೆ. ಆ ಕೇಳುವಿಕೆಯಲ್ಲಿರುವ ಹಾಸ್ಯ ನಮ್ಮ ಇಡೀ ಕೂಟದಲ್ಲಿಲ್ಲ.

ಒಂದು ಕಾಕತಾಳೀಯವನ್ನು ಗಮನಿಸಿ. ಮುಂಬಯಿಯಲ್ಲಿ ನಗೆಕೂಟ ಹುಟ್ಟಿದ ಆ 1995ರಲ್ಲಿಯೇ ಕೇಂದ್ರ ಸರ್ಕಾರವು ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 75 ರೂಪಾಯಿಗಳ ಪಿಂಚಣಿಯನ್ನು ಆರಂಭಿಸಿತು. 2006ರಲ್ಲಿ ಅದು 200 ಆಯಿತು. ಎಂಬತ್ತು ದಾಟಿದವರಿಗೆ 2011ರಲ್ಲಿ 500 ಆಯಿತಾದರೂ, ಅದಕ್ಕಿಂತ ಕಿರಿಯರಿಗೆ ಕೇಂದ್ರ ಕೊಡುವ ಪಾಲು 200ರಲ್ಲಿಯೇ ನಿಂತಿತು. ನಮ್ಮ ರಾಜ್ಯವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. ಅರವತ್ತೈದು ತುಂಬಿದ ಬಡವರಿಗೆ ಅದರಿಂದ ದೊರೆಯುವುದು ತಿಂಗಳಿಗೆ 1,200 ರೂಪಾಯಿ. ಬೆಲೆಗಳು ಏರಿದಂತೆ ನನಗೆ ತುಟ್ಟಿಭತ್ಯೆ ಏರುತ್ತದೆ. ಸೊಪ್ಪು ಮಾರುವವರಿಗೆ ತುಟ್ಟಿ ಮಾತ್ರ, ಭತ್ಯೆ ಇಲ್ಲ. ಹೀಗಿರುವಾಗ "ಚಿಂತೆ ಬಿಡಿ" ಎಂದು ಅವರಿಗೆ ಹೇಳುವುದು ಉಪದೇಶವೋ ಅಪಹಾಸ್ಯವೋ?

ಜನರೊಡನೆ ಬೆರೆಯಲೂ ಖರ್ಚಿದೆ. 2020ರ ಮಾರ್ಚಿಯಲ್ಲಿ ಹಿರಿಯ ನಾಗರಿಕರಿಗಿದ್ದ ರೈಲು ಪ್ರಯಾಣದ ರಿಯಾಯಿತಿ ನಿಂತಾಗ, ನೆಂಟರ ಮನೆಯ ಮದುವೆಗೆ ಹೋಗುವುದನ್ನೇ ಬಿಟ್ಟವರನ್ನು ಬಲ್ಲೆ. ಇದಕ್ಕೆ ಪ್ರತಿಯಾಗಿ, 2023ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ, ಎಷ್ಟೋ ವರ್ಷಗಳ ಬಳಿಕ ತವರಿಗೆ ಹೋಗಿಬಂದ ಅಜ್ಜಿಯರನ್ನೂ ಬಲ್ಲೆ. ಅವರ ಮುಖದ ಗೆಲುವಿಗೆ ಯಾವ ನಗೆಕೂಟವೂ ಬೇಕಾಗಿರಲಿಲ್ಲ.

ಹಿಂದಿನ ಕಾಲದ ಜಗಲಿಯಲ್ಲಿ ಎಲ್ಲರೂ ಒಂದಾಗಿದ್ದರು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಯಾರು ಜಗಲಿಯ ಮೇಲೆ, ಯಾರು ಅಂಗಳದಲ್ಲಿ ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಇಂದು ಆ ಕೆಲಸವನ್ನು ಬ್ಯಾಂಕಿನ ಪಾಸ್‌ಬುಕ್ಕೂ ಹಂಚಿಕೊಂಡಿದೆ, ಅಷ್ಟೆ. ಒಂದೇ ಬಗೆಯ ಪಾಸ್‌ಬುಕ್ಕುಗಳು ಕಲೆತು ನಕ್ಕರೆ ಅದನ್ನು ಸಮಾಜಜೀವನವೆನ್ನಲು ನನಗೆ ಮನಸ್ಸಾಗದು.

ಹಾಗೆಂದು ನಗುವುದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಾವು ಮೂವರು ನಿವೃತ್ತ ಶಿಕ್ಷಕರು ವಾರಕ್ಕೊಮ್ಮೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು, ಬಂದವರಿಗೆ ಅರ್ಜಿ ಬರೆದುಕೊಡುತ್ತೇವೆ. ಕಷ್ಟವಿರುವುದು ಬರೆಯುವುದರಲ್ಲಲ್ಲ. ಆಧಾರ್ ಚೀಟಿಯಲ್ಲಿ ಲಕ್ಷ್ಮಮ್ಮ, ಪಡಿತರ ಚೀಟಿಯಲ್ಲಿ ಲಕ್ಷ್ಮೀದೇವಮ್ಮ! ಜೀವನವಿಡೀ ದುಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸುವುದೇ ಇಲ್ಲ. ಇವನ್ನೆಲ್ಲ ಸರಿಪಡಿಸಲು ನಾಡಕಚೇರಿಗೆ ಅವರೊಡನೆ ನಡೆದುಹೋಗುವಾಗ ಆಗುವ ಮಾತುಕತೆಯೇ ನನಗೀಗ ವಾರದ ಅತ್ಯಂತ ರುಚಿಕರವಾದ ಹೊತ್ತು. ಮಳೆ, ಮೊಮ್ಮಕ್ಕಳು, ಮಂಡಿನೋವು, ಸೊಸೆಯ ಮೇಲಿನ ದೂರು... ನನ್ನ ಓರಗೆಯವರ ಲೋಕದ ಅರ್ಧಭಾಗ ನನಗೆ ತಿಳಿದದ್ದು ಆ ದಾರಿಯಲ್ಲಿ.

ನಗೆಕೂಟವನ್ನು ವಾರದಲ್ಲಿ ಎರಡು ದಿನವಾದರೂ ಮಧ್ಯಾಹ್ನ ಮೂರು ಗಂಟೆಗೆ ಇಡೋಣವೆಂದು ಕಳೆದ ತಿಂಗಳು ಸೂಚಿಸಿದ್ದೇನೆ. ಆ ಹೊತ್ತಿಗೆ ಸೊಪ್ಪಿನ ವ್ಯಾಪಾರ ಮುಗಿದಿರುತ್ತದೆ, ಕಾವಲುಗಾರರಿಗೂ ಬಿಡುವಿರುತ್ತದೆ. ನಾಲ್ವರು ಒಪ್ಪಿದ್ದಾರೆ. ಮಧ್ಯಾಹ್ನದ ನಿದ್ರೆಯನ್ನು ಬಿಡಲಾರೆವೆಂದು ಉಳಿದವರು ಪಟ್ಟು ಹಿಡಿದಿದ್ದಾರೆ. ಮುಂದಿನ ಭಾನುವಾರ ಮತ್ತೆ ಸಭೆ.