ಖಾಲಿ ಹೊಟ್ಟೆಯನ್ನು ತೆಗೆದುಕೊಳ್ಳಿ

ನಮ್ಮ ಓಣಿಯ ಆಯಿಗೆ ಸಕ್ಕರೆ ಕಾಯಿಲೆ. ಬೆಂಗಳೂರಿನಿಂದ ಬಂದ ಮಗ ಆಕೆಯ ಮೊಬೈಲಿಗೆ ಗುಳಿಗೆಯ ಹೊತ್ತು ನೆನಪಿಸುವ ಆ್ಯಪ್ ಹಾಕಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಹೋದ. ಮೂರನೆಯ ದಿನ ಆಯಿ ಮೊಬೈಲು ಹಿಡಿದು ನಮ್ಮ ಕಟ್ಟೆಗೆ ಬಂದರು. ಪರದೆಯ ಮೇಲೆ ಹೀಗಿತ್ತು: "ಖಾಲಿ ಹೊಟ್ಟೆಯನ್ನು ತೆಗೆದುಕೊಳ್ಳಿ."

"ತಮ್ಮಾ, ಇದು ಏನಂತೈತಿ ನೋಡು. ಉಣಬ್ಯಾಡ ಅಂತೈತೇನು, ಗುಳಿಗಿ ನುಂಗಬ್ಯಾಡ ಅಂತೈತೇನು?"

ನಕ್ಕೆವು. ಆಮೇಲೆ ನಗು ನಿಂತಿತು. ಎರಡು ದಿನದಿಂದ ಆಯಿ ಗುಳಿಗೆ ನುಂಗಿ, ಹೊಟ್ಟೆ ಖಾಲಿ ಇರಬೇಕೆಂದು ಮಧ್ಯಾಹ್ನದವರೆಗೆ ಏನೂ ತಿನ್ನದೆ ಕೂತಿದ್ದರು. ಅದರ ಪರಿಣಾಮ ಸಕ್ಕರೆ ಕಾಯಿಲೆಯವರಿರುವ ಮನೆಗಳಿಗೆಲ್ಲ ಗೊತ್ತು: ಬೆವರು, ನಡುಕ, ಕಣ್ಣಿಗೆ ಕತ್ತಲೆ. ಅಂದಹಾಗೆ ಆ ಆ್ಯಪ್‌ಗೆ ನಾಲ್ಕೂವರೆ ನಕ್ಷತ್ರಗಳಿದ್ದವು.

ಈ ನಕ್ಷತ್ರಗಳನ್ನು ನಂಬುವವರಿಗಾಗಿ ಒಂದು ಹಳೆಯ ಪ್ರಕರಣ. 2014ರಲ್ಲಿ ಅಮೆರಿಕದಲ್ಲಿ 'ಇನ್‌ಸ್ಟಂಟ್ ಬ್ಲಡ್ ಪ್ರೆಶರ್' ಎಂಬ ಆ್ಯಪ್ ಬಂತು. ಫೋನನ್ನು ಎದೆಗೆ ಒತ್ತಿ ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತದಂತೆ. ಜನ ದುಡ್ಡು ಕೊಟ್ಟು ಕೊಂಡರು. ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬಿಪಿ ಹೆಚ್ಚಿದ್ದ ಐವರಲ್ಲಿ ಸುಮಾರು ನಾಲ್ವರಿಗೆ ಅದು 'ಹೆಚ್ಚಿಲ್ಲ' ಎಂದು ತೋರಿಸಿತ್ತು. ಅದೇ ವರ್ಷ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ ಇನ್ನೊಂದು ಆರೋಪವಿತ್ತು: ಕಂಪನಿಯ ಮುಖ್ಯಸ್ಥನೇ ತನ್ನ ಆ್ಯಪ್‌ಗೆ ಐದು ನಕ್ಷತ್ರ ಕೊಟ್ಟುಕೊಂಡಿದ್ದ!

ಹಾಗಾಗಿ ಅಳತೆಗೋಲು ಬೇಕು. ಜಗತ್ತಿನಲ್ಲಿ ಅವು ಇಲ್ಲದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2015ರಲ್ಲಿ ರೂಪುಗೊಂಡ 'ಮಾರ್ಸ್' ಎಂಬ ಮಾಪಕದಲ್ಲಿ 23 ಪ್ರಶ್ನೆಗಳಿವೆ. ಜರ್ಮನಿಯಲ್ಲಿ 2020ರಿಂದ ಸರ್ಕಾರಿ ಸಂಸ್ಥೆ ಪರಿಶೀಲಿಸಿ ಪಟ್ಟಿಗೆ ಸೇರಿಸಿದ ಆ್ಯಪ್‌ಗಳನ್ನು ವೈದ್ಯರು ಚೀಟಿಯಲ್ಲೇ ಬರೆದುಕೊಡಬಹುದು, ವಿಮೆ ದುಡ್ಡು ಕಟ್ಟುತ್ತದೆ. ನಮ್ಮಲ್ಲೂ 2020ರ ಏಪ್ರಿಲ್ 1ರಿಂದ ರೋಗಪತ್ತೆ, ಚಿಕಿತ್ಸೆಗಳಿಗೆಂದು ಮಾಡಿದ ಸಾಫ್ಟ್‌ವೇರ್ ಕಾನೂನಿನ ಕಣ್ಣಲ್ಲಿ ವೈದ್ಯಕೀಯ ಉಪಕರಣವೇ.

ಇಷ್ಟೆಲ್ಲ ಸರಿ. ನನ್ನ ತಕರಾರು ಬೇರೆ. ಮಾರ್ಸ್‌ನ ಆ 23 ಪ್ರಶ್ನೆಗಳಲ್ಲಿ ಚಿತ್ರ ಚೆಂದವಿದೆಯೇ, ಗುಂಡಿಗಳು ಸರಿಯಾದ ಜಾಗದಲ್ಲಿವೆಯೇ ಎಂಬುದಕ್ಕೆಲ್ಲ ಬೇರೆಬೇರೆ ಅಂಕಗಳಿವೆ. ಭಾಷೆ ಮಾತ್ರ ಚಿತ್ರ, ವಿನ್ಯಾಸಗಳ ಜೊತೆ ಒಂದೇ ಪ್ರಶ್ನೆಯೊಳಗೆ ಮುದುಡಿ ಕೂತಿದೆ. ಒಂದೇ ಭಾಷೆಯಲ್ಲಿ ಬದುಕುವ ಊರಿಗೆ ಅದು ಸಾಕೇನೋ. ನಮಗೆ ಸಾಲದು. ಆಯಿಯ ಆ್ಯಪ್ ಇಂಗ್ಲಿಷಿನಲ್ಲಿ ಪೂರ್ಣಾಂಕ ಪಡೆದು, ಕನ್ನಡದಲ್ಲಿ ಆಯಿಯನ್ನು ಆಸ್ಪತ್ರೆಗೆ ಸೇರಿಸಬಲ್ಲದು.

"ಮೊದಲು ವೈದ್ಯಕೀಯ ಮಾಹಿತಿ ಸರಿಯಿರಲಿ, ಭಾಷೆ ಆಮೇಲಿನದು. ನೀವು ಎಲ್ಲದರಲ್ಲೂ ಕನ್ನಡ ತರುತ್ತೀರಿ" ಎಂದು ಗೆಳೆಯನೊಬ್ಬ ನನ್ನನ್ನು ದಬಾಯಿಸಿದ. ಆತ ಸಾಫ್ಟ್‌ವೇರಿನವ. ಆದರೆ ಓದಿದವರಿಗೆ ತಪ್ಪಾಗಿ ತಲುಪಿದ ಮಾಹಿತಿ ಯಾವ ಅರ್ಥದಲ್ಲಿ ಸರಿ? ಔಷಧದ ಪ್ರಮಾಣ ತಪ್ಪಿದರೆ ದೋಷ, ಔಷಧದ ವಾಕ್ಯ ತಪ್ಪಿದರೆ ಬರೀ ಅನುವಾದದ ಸಮಸ್ಯೆ ಎಂಬ ವಿಂಗಡಣೆ ಇಂಗ್ಲಿಷ್ ಬಲ್ಲವರ ಅನುಕೂಲಕ್ಕೆ ಹುಟ್ಟಿದ್ದು.

ಸಾಹಿತ್ಯದವರಾದ ನಾವೂ ಇದರಲ್ಲಿ ಸಾಚಾಗಳಲ್ಲ. ಯಂತ್ರ ಕೆಟ್ಟದಾಗಿ ಅನುವಾದಿಸುತ್ತದೆ ಎಂದು ಗೇಲಿ ಮಾಡುವ ನಾವು ಕೊಟ್ಟಿದ್ದೇನು? 'ಹೃದಯಾಘಾತ', 'ಅತಿಸಾರ', 'ಮೂರ್ಛಾರೋಗ'. ಹುಬ್ಬಳ್ಳಿಯ ಕಿಮ್ಸ್ ಹೊರರೋಗಿ ವಿಭಾಗದ ಸಾಲಿನಲ್ಲಿ ಅರ್ಧ ತಾಸು ನಿಲ್ಲಿ. ಗದಗ, ಹಾವೇರಿ, ಕೊಪ್ಪಳದಿಂದ ಬಂದವರು "ಎದಿ ಹಿಡದಂಗ ಆಗೈತ್ರಿ", "ಹೊಟ್ಟಿ ಜಾಡಸಾಕತ್ತೈತಿ" ಎನ್ನುತ್ತಾರೆಯೇ ಹೊರತು ನಮ್ಮ ಪಾರಿಭಾಷಿಕ ಪದಕೋಶದಿಂದ ಒಂದು ಪದವನ್ನೂ ಎತ್ತುವುದಿಲ್ಲ. ಇದನ್ನು ಬಲ್ಲವರು ನಮ್ಮಲ್ಲಿದ್ದರು. ಅನುಪಮಾ ನಿರಂಜನ ಕಾದಂಬರಿಗಾರ್ತಿಯಷ್ಟೇ ಅಲ್ಲ, ವೈದ್ಯೆ. ಧಾರವಾಡದಲ್ಲೂ ರೋಗಿಗಳನ್ನು ನೋಡಿದವರು. ಅವರ 'ತಾಯಿ-ಮಗು' ಮತ್ತೆ ಮತ್ತೆ ಮುದ್ರಣಗೊಂಡಿದ್ದು ಮನೆಯಲ್ಲಿ ಓದಿದರೆ ತಿಳಿಯುವಂತಿದ್ದುದರಿಂದ. ಆ ಕಸುಬನ್ನು ನಾವು ಸಾಹಿತ್ಯದ ಲೆಕ್ಕಕ್ಕೇ ಹಿಡಿಯಲಿಲ್ಲ.

ಈಗ ಯಾರಾದರೂ ಕರ್ನಾಟಕಕ್ಕೊಂದು ಮಾರ್ಗಸೂಚಿ ಬರೆಯಲು ಕೂತರೆ ಮೊದಲ ಪರೀಕ್ಷೆ ಕಿಮ್ಸ್‌ನ ಆ ಸಾಲಿನಲ್ಲೇ ನಡೆಯಲಿ. ಆ್ಯಪ್‌ನ ಒಂದೊಂದು ಸೂಚನೆಯನ್ನೂ ಹತ್ತು ರೋಗಿಗಳಿಗೆ ತೋರಿಸಿ, "ಈಗ ಏನ ಮಾಡ್ತೀರಿ, ಹೇಳ್ರಿ" ಎಂದು ಕೇಳಬೇಕು. ಓದು ಬಾರದವರಿಗೆ ಅದನ್ನು ಕೇಳಿಸಬೇಕು. ಒಬ್ಬರು ತಪ್ಪು ಹೇಳಿದರೂ ಆ ವಾಕ್ಯ ಮತ್ತೆ ಬರೆಯಬೇಕು, ಮತ್ತೆ ಕೇಳಬೇಕು. ಇದರಲ್ಲಿ ಸೋತ ಆ್ಯಪ್‌ಗೆ ಉಳಿದ ಅಂಕಗಳನ್ನು ಎಣಿಸುವುದೇ ಬೇಡ. ತಪ್ಪು ಕಂಡರೆ ಕನ್ನಡದಲ್ಲಿ ಮಾತಾಡುವ ಮನುಷ್ಯನ ಫೋನ್ ನಂಬರು ಮೊದಲ ಪುಟದಲ್ಲೇ ಇರಬೇಕು. ಪರೀಕ್ಷೆಗೆ ವೈದ್ಯರ ಪಕ್ಕದಲ್ಲಿ ಕೂರಲು ಧಾರವಾಡದ ಕನ್ನಡ ಅಧ್ಯಯನ ಪೀಠದ ವಿದ್ಯಾರ್ಥಿಗಳಿದ್ದಾರೆ. 1890ರಿಂದ ಕನ್ನಡದ ಕೆಲಸ ಮಾಡಿಕೊಂಡು ಬಂದ ವಿದ್ಯಾವರ್ಧಕ ಸಂಘವಿದೆ. ಇನ್ನೊಂದು ವಿಚಾರ ಸಂಕಿರಣದ ಖರ್ಚಿನಲ್ಲಿ ಇದು ಆಗುತ್ತದೆ.

ಆಯಿ ಆ್ಯಪ್ ತೆಗೆದುಹಾಕಿಲ್ಲ. "ಇರ್ಲಿ ಬಿಡು, ಹೊತ್ತಿಗೆ ಸರಿಯಾಗಿ ಟಿಣ್ ಅಂತೈತಿ. ಓದೂದಷ್ಟ ಬ್ಯಾಡ" ಎನ್ನುತ್ತಾರೆ. ಡಾಕ್ಟರನ್ನು ಕೇಳಿಕೊಂಡು ಬಂದು ಮೊಮ್ಮಗಳು ಗುಳಿಗೆ ಡಬ್ಬಿಯ ಮೇಲೆ ಸ್ಕೆಚ್‌ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ: "ಮುಂಜಾನೆ ಒಂದು ಗುಳಿಗಿ. ಅರ್ಧ ತಾಸ ಬಿಟ್ಟು ನಾಷ್ಟಾ ಮಾಡಾಕಬೇಕು."