ಪೊಜ್ಜುವೋಲಿಯ ಬೂದಿಯೂ ನಮ್ಮ ಸುರ್ಕಿಯೂ

ಕುದೇರಿನಲ್ಲಿಯೋ ಸಂತೇಮರಹಳ್ಳಿಯಲ್ಲಿಯೋ ಮನೆ ಕಟ್ಟಿಸುವವರು ತರಿಸುವ ಸಿಮೆಂಟಿನ ಚೀಲದ ಮೇಲೆ ‘ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್’ ಎಂದು ಅಚ್ಚಾಗಿರುವುದುಂಟು. ಇವೆರಡೂ ಸ್ಥಳನಾಮಗಳಿಂದ ಹುಟ್ಟಿದ ಮಾತುಗಳು. ಮೊದಲನೆಯದು ಇಂಗ್ಲೆಂಡಿನ ಕಡಲಂಚಿನ ಒಂದು ಕಲ್ಲುಗಣಿಯ ನೆಲ. ಎರಡನೆಯದು ಇಟಲಿಯ ನೇಪಲ್ಸ್ ಕೊಲ್ಲಿಯ ದಡದಲ್ಲಿರುವ ಪೊಜ್ಜುವೋಲಿ ಎಂಬ ಪುರಾತನ ರೇವುಪಟ್ಟಣ. ಇಟಲಿಗೆ ಹೋಗುವ ನಮ್ಮವರು ಸಾಮಾನ್ಯವಾಗಿ ರೋಮನ್ನೂ ವೆನಿಸನ್ನೂ ಕಂಡು ಹಿಂದಿರುಗುತ್ತಾರೆ. ವಿಜ್ಞಾನದ ವಿದ್ಯಾರ್ಥಿಗೆ ಆ ದೇಶದಲ್ಲಿ ಒಂದೇ ಒಂದು ಊರನ್ನು ನೋಡುವ ಅವಕಾಶ ದೊರೆತರೆ ಅದು ಪೊಜ್ಜುವೋಲಿಯೇ ಆಗಬೇಕೆಂಬುದು ನಮ್ಮ ಅಭಿಪ್ರಾಯ.

ಅಲ್ಲಿ ರೋಮನರ ಕಾಲದ ಪೇಟೆಯೊಂದರ ಅವಶೇಷವಿದೆ. 1750ರಲ್ಲಿ ಅಗೆದಾಗ ಸೆರಾಪಿಸ್ ದೇವತೆಯ ವಿಗ್ರಹ ದೊರೆತುದರಿಂದ ಬಹುಕಾಲ ಅದನ್ನು ದೇವಾಲಯವೆಂದೇ ಭಾವಿಸಿದ್ದರು. ಅಲ್ಲಿ ನಿಂತಿರುವ ಮೂರು ಅಮೃತಶಿಲೆಯ ಕಂಬಗಳ ಬುಡ ನುಣುಪಾಗಿದೆ. ನೆಲದಿಂದ ಸುಮಾರು 12 ಅಡಿ ಮೇಲೆ ಮಾತ್ರ ತೂತುಗಳ ಪಟ್ಟಿಯೊಂದು ಸುತ್ತುವರಿದಿದೆ. ಆ ತೂತುಗಳನ್ನು ಕೊರೆದುದು ಕಲ್ಲು ಕೊರೆಯುವ ಕಡಲ ಚಿಪ್ಪುಜೀವಿ. ಎಂದರೆ, ಒಣನೆಲದಲ್ಲಿ ಕಟ್ಟಿದ ಪೇಟೆ ಕಡಲೊಳಕ್ಕೆ ಇಳಿದು, ಬಳಿಕ ಕಂಬಗಳು ಬೀಳದಂತೆ ಮತ್ತೆ ಮೇಲಕ್ಕೆದ್ದಿತು! ಭೂವಿಜ್ಞಾನಿ ಚಾರ್ಲ್ಸ್ ಲಯಲ್ ಈ ಕಂಬಗಳ ಚಿತ್ರವನ್ನೇ 1830ರ ತನ್ನ ಮಹಾಗ್ರಂಥದ ಮುಖಚಿತ್ರವಾಗಿ ಇರಿಸಿಕೊಂಡನು. ಊರು ಕುಳಿತಿರುವುದು ಜ್ವಾಲಾಮುಖಿಯ ವಿಶಾಲವಾದ ಬಾಯಿಯೊಳಗೆ. 1538ರಲ್ಲಿ ಪಕ್ಕದಲ್ಲಿಯೇ ಒಂದು ಹೊಸ ಗುಡ್ಡ ಕೆಲವೇ ದಿನಗಳಲ್ಲಿ ಎದ್ದು ನಿಂತಿತು. 1982–84ರಲ್ಲಿ ನೆಲವು ಸುಮಾರು 1.8 ಮೀಟರು ಉಬ್ಬಿ, ಸಾವಿರಾರು ಜನ ಮನೆ ಬಿಡಬೇಕಾಯಿತು. 2005ರಿಂದ ಅದು ಪುನಃ ಏರತೊಡಗಿದೆ.

ಆ ಜ್ವಾಲಾಮುಖಿ ಉಗುಳಿದ ಬೂದಿಯೇ ಪೊಜೊಲಾನಾ. ಬರಿಯ ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ. ಆದುದರಿಂದ ನೀರೊಳಗೆ ಅದು ಗಟ್ಟಿಯಾಗದು. ಈ ಬೂದಿಯಲ್ಲಿರುವ ಸಿಲಿಕ ಮತ್ತು ಅಲ್ಯುಮಿನಗಳಾದರೋ ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ಕೂಡಿ, ಕರಗದಂತಹ ಹೊಸ ಸಂಯುಕ್ತಗಳನ್ನು ಕೊಡುತ್ತವೆ. ರೋಮನ್ ಶಿಲ್ಪಿ ವಿಟ್ರೂವಿಯಸ್ ಇದರ ಗುಣವನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ವರ್ಣಿಸಿದ್ದಾನೆ. ಪಾಲೆಸ್ತೀನಿನ ಸಿಸೇರಿಯ ಬಂದರನ್ನು ಕಟ್ಟಲು ಈ ಬೂದಿಯನ್ನು ಹಡಗಿನಲ್ಲಿ ಸಾಗಿಸಿದರು.

ನಮ್ಮ ಸೀಮೆಗೂ ಆ ರೋಮನ್ ಲೋಕಕ್ಕೂ ನಂಟಿಲ್ಲದಿರಲಿಲ್ಲ. ಎರಡನೆಯ ಶತಮಾನದ ಟಾಲೆಮಿಯು ವೈಡೂರ್ಯ ದೊರೆಯುವ ‘ಪೌನ್ನಾಟ’ವನ್ನು ಹೆಸರಿಸುತ್ತಾನೆ, ಅದನ್ನು ವಿದ್ವಾಂಸರು ಕಬಿನಿಯ ದಡದ ಪುನ್ನಾಟವೆಂದು ಗುರುತಿಸಿದ್ದಾರೆ. ಆದರೆ ನಮ್ಮ ವಾದಕ್ಕೆ ಹೆಚ್ಚು ಮುಖ್ಯವಾದುದು ಸುರ್ಕಿ.

ನಮ್ಮಲ್ಲಿ ಜ್ವಾಲಾಮುಖಿಯ ಬೂದಿಯಿಲ್ಲ, ಬೆಂದ ಜೇಡಿಮಣ್ಣಿದೆ. ಇಟ್ಟಿಗೆಯನ್ನು ನುಣ್ಣಗೆ ಪುಡಿಮಾಡಿ ಸುಣ್ಣದೊಡನೆ ಅರೆದರೆ ಅದೇ ರಾಸಾಯನಿಕ ಕ್ರಿಯೆ ನಡೆಯುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಈ ಸುರ್ಕಿ ಗಾರೆಯೇ. ಸುಮಾರು 130 ಅಡಿ ಎತ್ತರದ ಆ ಗೋಡೆ ಇಂದಿಗೂ ಕಾವೇರಿಯನ್ನು ತಡೆದು ನಿಲ್ಲಿಸಿದೆ. ಇಂದಿನ ಚೀಲದ ಸಿಮೆಂಟಿನಲ್ಲಿ ಬೂದಿಯ ಕೆಲಸವನ್ನು ಮಾಡುವುದು ಹೆಚ್ಚಾಗಿ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ. ಭಾರತೀಯ ಮಾನಕದಂತೆ ಅದು ನೂರಕ್ಕೆ 15ರಿಂದ 35ರಷ್ಟು ಇರಬಹುದು.

ಹೀಗಿರುವಾಗ ಗಾರೆಯನ್ನು ಹಳೆಯ ಕಾಲದ ಬಡ ಪದಾರ್ಥವೆಂದೂ ಸಿಮೆಂಟನ್ನು ಅದರ ವೈರಿಯೆಂದೂ ಕಾಣುವುದು ಅಜ್ಞಾನ. ಊರೂರಿನಲ್ಲಿ ಗುಡಿಯ ಗೋಪುರ ಬಿರಿದರೆ, ಕಲ್ಯಾಣಿಯ ಮೆಟ್ಟಿಲು ಸಡಿಲವಾದರೆ, ಕೆರೆಯ ತೂಬು ಸೋರಿದರೆ ಒಡನೆಯೇ ಸಿಮೆಂಟು ಮೆತ್ತುತ್ತಾರೆ. ಗಾರೆಯ ಗೋಡೆ ತೇವವನ್ನು ಹೀರಿ ಮರಳಿ ಹೊರಕ್ಕೆ ಬಿಡುತ್ತದೆ. ಹೆಚ್ಚು ಬಿರುಸಾದ, ಸಾಂದ್ರವಾದ ಸಿಮೆಂಟಿನ ಪದರವು ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಒಳಗೆ ಉಪ್ಪು ಹರಳುಗಟ್ಟಿ ಇಟ್ಟಿಗೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ರಿಪೇರಿಯೇ ರೋಗವಾಗುತ್ತದೆ. ಮಾಳಿಗೆಗೂ ಸೇತುವೆಗೂ ಸಿಮೆಂಟು ಬೇಕೇ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಗಾರೆಗೆ ಕಾಲ ಹೆಚ್ಚು ಹಿಡಿಯುತ್ತದೆ, ಕೂಲಿಯೂ ಹೆಚ್ಚು ಎಂಬುದೂ ನಿಜ. ಆದರೂ ಸುಣ್ಣದಿಂದ ಕಟ್ಟಿದುದನ್ನು ಸುಣ್ಣದಿಂದಲೇ ದುರಸ್ತಿ ಮಾಡಬೇಕೆಂಬ ನಿಯಮವು ಪಂಚಾಯಿತಿಯಿಂದ ಹಿಡಿದು ಎಲ್ಲ ಕಟ್ಟಡದ ಕಚೇರಿಗಳಲ್ಲಿಯೂ ಜಾರಿಗೆ ಬರಬೇಕು. ಗಾರೆ ಬಲ್ಲ ಮೇಸ್ತ್ರಿಗಳು ಕೈಬಿಟ್ಟುಹೋದ ಮೇಲೆ ಕಲಿಸುವವರಾರು?

ನಮ್ಮ ಕಾಲೇಜುಗಳ ರಸಾಯನಶಾಸ್ತ್ರದ ತರಗತಿಗಳು ಇದಕ್ಕೆ ಕೈ ಹಾಕಬಹುದು. ಅರಳಿಸಿದ ಸುಣ್ಣಕ್ಕೆ ಮರಳನ್ನು ಸೇರಿಸಿ ಕೆಲವು ಉಂಡೆಗಳನ್ನೂ, ನುಣುಪಾದ ಸುರ್ಕಿಯನ್ನು ಸೇರಿಸಿ ಕೆಲವನ್ನೂ ಮಾಡಿ, ಒದ್ದೆ ಗೋಣಿಯಲ್ಲಿ ಮೂರು ನಾಲ್ಕು ವಾರ ಇಟ್ಟು, ಅನಂತರ ನೀರಿನಲ್ಲಿ ಮುಳುಗಿಸಿ ಯಾವುದು ಕದಡುವುದೆಂದು ನೋಡಬೇಕು. ಸುಣ್ಣ ಕಣ್ಣಿಗೂ ಚರ್ಮಕ್ಕೂ ತಾಗದಂತೆ ಎಚ್ಚರ ಅಗತ್ಯ. ಅತಿಯಾಗಿ ಬೆಂದ ಇಟ್ಟಿಗೆಯ ಪುಡಿ ಈ ಕೆಲಸಕ್ಕೆ ಅಷ್ಟಾಗಿ ಒದಗದು. ಹದವಾಗಿ ಬೆಂದುದು ಯಾವುದೆಂಬುದನ್ನು ಊರಿನ ಹಿರಿಯ ಮೇಸ್ತ್ರಿಯನ್ನು ಮೊದಲೇ ಕೇಳಿಕೊಂಡು ಬರುವುದು ಲೇಸು.